ಸೂಲಗಿತ್ತಿ ಕುಂಟೆಯ ಪುಟ

ನಮ್ಮ ನಂದಕುಮಾರನ ವಿಷಯ ಎತ್ತಬೇಡಿ, ನಂಗೆ ಮೈಯೆಲ್ಲ ಉರಿಯುತ್ತೆ. ಎತ್ತಿದೀರಲ್ಲ, ಇನ್ನು ಪೂರ್ತಿ ಕೇಳ್ಕೊಂಡೇ ಹೋಗಿ. ನಾನು ಶಶಿರೇಖ, ಆಂಡರ್ಸನ್‌ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದೀನಿ. ಅವನು ನಮ್ಮ ಚಿಕ್ಕಮ್ಮ ಅಕ್ಕಯ್ಯಮ್ಮನ ಒಬ್ಬನೇ ಮಗ. ನಲವತ್ತನಾಲ್ಕು ವರ್ಷ, ಮದುವೆ ಇಲ್ಲ. ಕ್ಯಾಸಂಬಳ್ಳಿ ಹತ್ರ ನಮ್ಮೂರಲ್ಲೇ ಹಾಲಿನ ಡೇರಿ ಸೆಕ್ರೆಟರಿ.

ಎಂಥ ಸೆಕ್ರೆಟರಿ ಅಂತೀರಿ! ಒಂದಿನ ಹೆತ್ತ ತಾಯಿ ತಂದ ಹಾಲಿಗೇ ಡಿಗ್ರಿ ಬರ್ಲಿಲ್ಲ, ನೀರು ಬೆರೆತಿದೆ ಅಂತ ವಾಪಸ್ ಕಳಿಸಿದ. ಊರೆಲ್ಲ ನಕ್ಕಿತು. ಚಿಕ್ಕಮ್ಮನೂ ನಕ್ಕಳು. "ನಾನೆಲ್ಲಿ ನೀರು ಉಯ್ದೆ? ಅಸು ಜಾಸ್ತಿ ಕುಡೀತು ಕಣ್ಲಾ" ಅಂದಳು.

ಬೆಳಗಿನ ಹಾಲಿನ ಗಾಡಿ ಹೋಯ್ತು ಅಂದ್ರೆ ಸಾಯಂಕಾಲದ ಹಾಲು ಬರೋವರೆಗೂ ಅವನಿಗೆ ಒಂದೇ ಧ್ಯಾನ, ಅಂತರ್ಜಾಲದ ಕನ್ನಡ ವಿಶ್ವಕೋಶ. ಅದನ್ನ ಯಾರು ಬೇಕಾದ್ರೂ ಬರೀಬಹುದು, ಯಾರು ಬೇಕಾದ್ರೂ ತಿದ್ದಬಹುದು, ಸಂಬಳ ಗಿಂಬಳ ಇಲ್ಲ. ಹನ್ನೆರಡು ವರ್ಷ ಬರೆದೂ ಬರೆದೂ, ಮುಖ ಕಾಣದ ಆ ಜನವೇ ಮತ ಹಾಕಿ ಇವನನ್ನ ಪುಟ ಅಳಿಸೋ ಅಧಿಕಾರ ಇರೋ ನಿರ್ವಾಹಕ ಮಾಡಿದ್ರು. ಅಲ್ಲೂ ಅದೇ ಬುದ್ಧಿ. ಯಾರು ಏನು ಬರೆದ್ರೂ "ಆಧಾರ ಎಲ್ಲಿ? ಯಾವ ಪುಸ್ತಕದಲ್ಲಿ ಅಚ್ಚಾಗಿದೆ?" ಅಂತ ಕೇಳೋದು, ಇಲ್ಲ ಅಂದ್ರೆ ಅಳಿಸೋದು. ಬೈಸ್ಕೊಂಡಿದ್ದು ಅಷ್ಟಿಷ್ಟಲ್ಲ. ಹೊಸಬರಿಗೆ ನಿಯಮ ಹೇಳ್ಕೊಡೋ ಪುಟವನ್ನೂ ಇವನೇ ಬರೆದ.

ಆದ್ರೆ ಶುರುವಿನಲ್ಲಿ, ನಿಯಮ ಗೊತ್ತಿಲ್ಲದಾಗ, ಇವನೂ ಒಂದು ತಪ್ಪು ಮಾಡಿದ್ದ. ತಾಯಿ ಬಾಯಲ್ಲಿ ಕೇಳಿದ್ದನ್ನ ಹಂಗೇ ಬರೆದುಬಿಟ್ಟಿದ್ದ. ನಮ್ಮೂರ ಸೂಲಗಿತ್ತಿ ಕುಂಟೆ, ಅಂದ್ರೆ ಒಂದು ಸಣ್ಣ ಕೆರೆ, ಅದರ ಕತೆ. ಚಿಕ್ಕಮ್ಮನ ಅಜ್ಜಿ ಮುನಿನಾರಾಯಣಮ್ಮ ಸೂಲಗಿತ್ತಿ. ಹೆರಿಗೆ ಆದ ಮನೆಯವರು ಸೀರೆ ಕೊಟ್ರೆ ಬೇಡ ಅಂತಿದ್ದಳಂತೆ. ಒಂದು ಕೂಸಿಗೆ ನೂರು ಮಂಕರಿ ಮಣ್ಣು ತೆಗೆದುಕೊಡಿ, ಅದೇ ನನ್ನ ಸೀರೆ ಅಂತಿದ್ದಳಂತೆ. ಹಂಗೆ ಕೂಸು ಹುಟ್ತಾ ಹುಟ್ತಾ ಕುಂಟೆ ಆಯ್ತು. ಇವತ್ತಿಗೂ ದನ ನೀರು ಕುಡಿಯೋದು ಅಲ್ಲೇ.

ಚಿಕ್ಕಮ್ಮನಿಗೆ ಓದೋಕೆ ಬರ್ತಿರಲಿಲ್ಲ. ಆದ್ರೆ ಒಂದು ಪುಟವನ್ನ ದಿನಕ್ಕೆ ಎಷ್ಟು ಜನ ನೋಡಿದ್ರು ಅಂತ ಗೊತ್ತಾಗುತ್ತೆ ಅಂತ ಮಗ ಹೇಳಿದ್ದೇ ತಡ, ದಿನಾ ಮುದ್ದೆ ಮುರಿಯೋಕೆ ಮುಂಚೆ ಅದೇ ಪ್ರಶ್ನೆ.

"ಇವತ್ತೆಷ್ಟು ಜನ ನೋಡಿದ್ರ್ಲಾ?"

"ನಾಕು ಜನ ಕಣಮ್ಮ."

"ಅಯ್ಯೋ, ನಾಕು ಜನಾನಾ! ನಮ್ಮಜ್ಜಿ ಬಂಗಾರಪೇಟೆ ದಾಟ್ದೋಳಲ್ಲ, ಈಗ ನೋಡು!"

ಆ ನಾಕರಲ್ಲಿ ಮೂರು ಸಲ ತೆಗೆದು ನೋಡಿದ್ದು ಇವನೇ ಅಂತ ನಂಗೆ ಗೊತ್ತಿತ್ತು.

ಹೋದ ಕಾರ್ತಿಕದಲ್ಲಿ ಚಿಕ್ಕಮ್ಮ ತೀರ್ಕೊಂಡಳು. ಆರು ತಿಂಗಳಿಗೆ ಆ ಪುಟದ ಮೇಲೆ ಒಂದು ನೋಟಿಸು ಬಿತ್ತು. ಯಾರೋ ಲಿಖಿತ ಅಂತೆ, ಹೊಸದಾಗಿ ಸೇರಿದೋಳು, ಯಾವೂರೋ ಏನೋ. ಸೂಲಗಿತ್ತಿ ಕತೆಗೆ ಆಧಾರ ಇಲ್ಲ, ಏಳು ದಿನದಲ್ಲಿ ಸಿಗದಿದ್ರೆ ಅಳಿಸಬೇಕು ಅಂತ ಬರೆದಿದ್ದಳು. ಕೆಳಗೆ ನಿಯಮದ ಒಂದು ಸಾಲು ಹಾಕಿದ್ದಳು. ಅದು ಇವನೇ ಬರೆದ ಸಾಲು.

ಐದು ದಿನ ಕಾಲಿಗೆ ಚಕ್ರ ಕಟ್ಕೊಂಡು ತಿರುಗಿದ. ಬಂಗಾರಪೇಟೆ ಲೈಬ್ರರಿಯಲ್ಲಿ ಏನೂ ಇಲ್ಲ. ತಾಲ್ಲೂಕು ಆಫೀಸಿನ ದಾಖಲೆಯಲ್ಲಿ 'ಸರ್ಕಾರಿ ಕುಂಟೆ' ಅಂತ ಒಂದು ಸರ್ವೆ ನಂಬರು, ಸೂಲಗಿತ್ತಿ ಹೆಸರಿಲ್ಲ. ಬೇತಮಂಗಲದಲ್ಲಿ ತೊಂಬತ್ತು ದಾಟಿದ ನೆಂಟ ದೊಡ್ಡವೆಂಕಟಪ್ಪನ್ನ ಕೇಳಿದ್ರೆ, "ನಾನೂ ನಿಮ್ಮಮ್ಮ ಯೋಳಿದ್ದೇ ಕೇಳಿದ್ದು ಕಣಪ್ಪಾ" ಅಂದನಂತೆ.

ಆರನೇ ದಿನ ನನ್ನ ಅಂಗಡಿಗೆ ಬಂದು ಕೂತ. ನಾನಂದೆ, "ಅಷ್ಟಕ್ಕೆ ಯಾಕೋ ಒದ್ದಾಡ್ತೀಯ? ಪಕ್ಕದ ಬೀದಿಯಲ್ಲಿ ಶ್ರೀಧರನ ಪ್ರೆಸ್ ಐತೆ. ಎಂಟು ಪುಟದ ಪುಸ್ತಕ ಅಚ್ಚು ಹಾಕ್ಸು, ಅದನ್ನೇ ಆಧಾರ ಅಂತ ತೋರ್ಸು."

"ನಾನೇ ಹಾಲು ಹಾಕಿ, ನಾನೇ ಡಿಗ್ರಿ ಬರ್ಕೊಂಡಂಗೆ ಆಯ್ತದೆ ಅಕ್ಕ."

"ಥೂ, ನಿನ್ನ ಧರ್ಮರಾಯನ ಬುದ್ಧಿಗಿಷ್ಟು! ಅವಳು ನಿನ್ನ ತಾಯಿ ಕಣೋ!"

ತಲೆ ಬಗ್ಗಿಸ್ಕೊಂಡು ಅಂದ, "ಅಮ್ಮ ಸತ್ತಾಗ ಊರೇ ಬಂದಿತ್ತು ಅಕ್ಕ. ಇದಕ್ಕೆ ಒಬ್ರೂ ಬಂದಿಲ್ಲ. ಆರು ದಿನ ಆಯ್ತು, ಉಳಿಸ್ಬೇಕಾ ಅಳಿಸ್ಬೇಕಾ ಅಂತ ಚರ್ಚೆ ಪುಟದಾಗೆ ಆ ಹುಡುಗಿ ಬಿಟ್ರೆ ಯಾರೂ ಒಂದು ಮಾತಾಡಿಲ್ಲ."

ಆಮೇಲೆ ಫೋನು ತೆಗೆದು, ನನ್ನ ಎದುರಿಗೇ, ಆ ಹುಡುಗಿ ಮಾತಿನ ಕೆಳಗೆ 'ಅಳಿಸಿ' ಅಂತ ತನ್ನ ಮತ ಒತ್ತಿ ಹೆಸರು ಹಾಕಿದ. ನಂಗೆ ಅಳು ಬಂತು, ಬೈಗುಳವೂ ಬಂತು. ಎರಡನ್ನೂ ನುಂಗ್ಕೊಂಡು ಕಾಫಿ ತರ್ಸಿದೆ. ಮಾರನೇ ದಿನ ಬೇರೆ ಊರಿನ ನಿರ್ವಾಹಕ ಯಾರೋ ಪುಟ ಅಳಿಸಿದ್ರು. ಇವನು ಆ ಲಿಖಿತಳಿಗೆ 'ಒಳ್ಳೆ ಕೆಲಸ ಮಾಡಿದಿರಿ, ಹೀಗೇ ಮುಂದುವರಿಸಿ' ಅಂತ ಬರೆದ. ತಾಯಿ ವಿಷಯ ಒಂದಕ್ಷರ ಹೇಳಲಿಲ್ಲ.

ಹೋದ ವಾರ ಉಪ್ಸಾರು ಮಾಡ್ಕೊಂಡು ಅವನ ಮನೆಗೆ ಹೋಗಿದ್ದೆ. "ಚಿಕ್ಕಮ್ಮನ ಮಾತೆಲ್ಲ ಹೋಯ್ತಲ್ಲೋ" ಅಂದೆ.

"ಓಗಿಲ್ಲ ಅಕ್ಕ. ಅಳಿಸಿದ ಪುಟ ಲೋಕಕ್ಕೆ ಕಾಣಲ್ಲ, ನಿರ್ವಾಹಕರು ತೆಗೆದ್ರೆ ಕಾಣ್ತದೆ," ಅಂತ ಫೋನು ತೋರಿಸಿದ. ಸೂಲಗಿತ್ತಿ, ಮಂಕರಿ, ಮಣ್ಣು, ಎಲ್ಲ ಹಂಗೇ ಇತ್ತು. ಎಲ್ಲೆಲ್ಲೋ ಇರೋ ಮಿಕ್ಕ ನಿರ್ವಾಹಕರಿಗೆ ಅದು ಯಾಕೆ ಬೇಕು?

ತಟ್ಟೆಗೆ ಮುದ್ದೆ ಹಾಕಿದೆ. ಅವನು ಮುರೀಲಿಲ್ಲ. ಯಾಕೆ ಅಂತ ನಂಗೆ ಹೊಳೀತು.

"ಇವತ್ತೆಷ್ಟು ಜನ ನೋಡಿದ್ರೋ?" ಅಂದೆ.

"ಒಬ್ನೇ ಅಕ್ಕ" ಅಂದ.