ಎರಡೂ ಸರಿ ಅಂದವರಿಗೆ ಕುರ್ಚಿಯಿಲ್ಲ

ನಮ್ಮಕ್ಕ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಡುತ್ತಾಳೆ. ತತ್ತ್ವಶಾಸ್ತ್ರದವರೆಂದರೆ ಶಾಂತಮೂರ್ತಿಗಳು ಎಂದು ನೀವು ತಿಳಿದಿದ್ದರೆ ಒಮ್ಮೆ ಅವಳ ಮನೆಗೆ ಬನ್ನಿ. ಚಪ್ಪಲಿಯ ಜೊತೆ ಆ ಭ್ರಮೆಯನ್ನೂ ಬಾಗಿಲಲ್ಲೇ ಬಿಡಬಹುದು. ಎಲ್ಲರಿಗೂ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಅವಳದಕ್ಕೆ ಅಲ್ಲಿ ತಂಗುವಷ್ಟು ಪುರುಸೊತ್ತಿಲ್ಲ, ನೇರವಾಗಿ ನಾಲಿಗೆಗೇ ಬಂದು ಕೂರುತ್ತದೆ.

ಪ್ರತಿ ವರ್ಷ ಹೊಸ ತರಗತಿಗೆ ಅವಳ ಮೊದಲ ಪ್ರಶ್ನೆ ಒಂದೇ. ಅಪ್ಪ ತಪ್ಪು ಮಾಡಿದ್ದಾನೆ, ಮಗನಿಗೆ ಗೊತ್ತಿದೆ. ಮಗ ಹೇಳಬೇಕೋ, ಮುಚ್ಚಬೇಕೋ? ಮುಚ್ಚುವವನೇ ಒಳ್ಳೆಯ ಮಗ ಎಂದ ಚೀನಾದ ಹಳೆಯ ಗುರುವೊಬ್ಬ. ಪಶ್ಚಿಮದ ಹಳೆಯ ಸಂವಾದವೊಂದರಲ್ಲಾದರೋ, ಕೂಲಿಯವನನ್ನು ಕಟ್ಟಿಹಾಕಿ ಸಾಯಲು ಬಿಟ್ಟ ಅಪ್ಪನ ಮೇಲೆ ಮಗನೇ ದೂರು ಕೊಡಲು ಹೊರಟಿದ್ದಾನೆ. ಯಾರಾದರೂ ಒಬ್ಬ ಜಾಣ ಎದ್ದು, “ಮೇಡಂ, ಪಶ್ಚಿಮಕ್ಕೆ ಸತ್ಯ ದೊಡ್ಡದು, ಪೂರ್ವಕ್ಕೆ ಸಂಸಾರ ದೊಡ್ಡದು. ಅವರವರಿಗೆ ಅವರವರದು ಸರಿ” ಎನ್ನುತ್ತಾನೆ. ಅಕ್ಕ ಹೋಗಿ ಅವನ ಕುರ್ಚಿಯನ್ನೆಳೆದು ಗೋಡೆಗೆ ಒರಗಿಸುತ್ತಾಳೆ.

“ಒಂದನ್ನ ಆರಿಸ್ಕೊಂಡು, ಯಾಕೆ ಅಂತ ಹೇಳೋವರೆಗೂ ನಿಂತಿರು. ಸಂಸ್ಕೃತಿ ಅಂದ್ಬಿಟ್ರೆ ಯೋಚನೆ ಮಾಡೋ ಕೆಲಸ ತಪ್ತು ಅಂದ್ಕೊಂಡ್ಯಾ? ಚೀನಾದೋರೇನು ಎಲ್ರೂ ಸೇರಿ ತಲೆ ಆಡಿಸ್ತಾ ಕೂತಿದ್ರಾ? ಇದೇ ಪ್ರಶ್ನೆಗೆ ಅವರವರೇ ಜುಟ್ಟು ಹಿಡ್ಕೊಂಡು ಜಗಳ ಆಡಿದಾರೆ!”

ಈ ಪದ್ಧತಿ ಮನೆಗೂ ಬಂತು. ಅವಳ ಊಟದ ಮನೆಯಲ್ಲಿ ನಾನು ನಿಂತಷ್ಟು ಬೇರೆ ಯಾರೂ ನಿಂತಿಲ್ಲ. ಎಲ್ಲರನ್ನೂ ನಗಿಸಿ, ಯಾರ ಮನಸ್ಸನ್ನೂ ನೋಯಿಸದೆ, ಎರಡೂ ಕಡೆ ತಲೆಯಾಡಿಸುವುದೇ ಹಾಸ್ಯ ಬರೆಯುವವನ ಹೊಟ್ಟೆಪಾಡು. ಗೋಡೆಗೆ ಒರಗಿದ ಕುರ್ಚಿ ಕಂಡರೆ, ತಮ್ಮ ಬಂದಿದ್ದಾನೆ ಎಂದು ಪಕ್ಕದ ಮನೆಯವರಿಗೂ ತಿಳಿಯುತ್ತದೆ.

ಆದರೆ ಅವಳ ನಿಜವಾದ ಸಿಟ್ಟು ವಿದ್ಯಾರ್ಥಿಗಳ ಮೇಲಲ್ಲ. “ಅಷ್ಟು ಕಾಲದಿಂದ ಅಪ್ಪ ಮಗ, ಅಪ್ಪ ಮಗ ಅಂತ ವಾದ ಮಾಡ್ತಾರಲ್ಲ, ಆ ಸತ್ತ ಕೂಲಿಯವನ ಹೆಂಡ್ತಿ ಏನಾದ್ಲು ಅಂತ ಒಬ್ಬನಾದ್ರೂ ಕೇಳಿದ್ನಾ?” ಎಂದು ಪಾತ್ರೆ ಕುಕ್ಕುತ್ತಾಳೆ. ನಾವು ಪಾತ್ರೆಯ ಕಡೆ ನೋಡುತ್ತೇವೆ.

ನನಗೂ ಅಕ್ಕನಿಗೂ ನಡುವೆ ಒಬ್ಬ ಅಣ್ಣನಿದ್ದಾನೆ. ಲಿಫ್ಟ್ ರಿಪೇರಿ ಅವನ ಕೆಲಸ. ಲಿಫ್ಟಿನ ಬ್ರೇಕ್ ಸರಿಯಿದೆಯೇ ಎಂದು ನೋಡಲು ಒಳಗೆ ಮರಳಿನ ಚೀಲಗಳನ್ನು ತುಂಬಿ ಓಡಿಸಬೇಕು. ಚೀಲ ಹೊರುವುದು ಯಾರು? ಅಣ್ಣ ತಾನೇ ಒಳಗೆ ಹೋಗಿ ನಾಲ್ಕು ಸಲ ಕುಣಿದು, “ಓಕೆ” ಎಂದು ಬರುತ್ತಿದ್ದ. “ಇಂಥ ಹೊಟ್ಟೆ ಇರೋವಾಗ ಮರಳು ಯಾಕೆ?” ಎಂದು ತಟ್ಟಿ ತೋರಿಸಿದಾಗಲೆಲ್ಲ ನಾವು ನಕ್ಕಿದ್ದೇವೆ. ನಾನಂತೂ ಅದನ್ನು ಒಂದು ಲೇಖನದಲ್ಲೂ ಬಳಸಿಕೊಂಡಿದ್ದೇನೆ.

ಆ ಭಾನುವಾರ ಎಲ್ಲರೂ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಅಣ್ಣ ನೋಡಿಕೊಳ್ಳುತ್ತಿದ್ದ ಲಿಫ್ಟೊಂದು ಹಿಂದಿನ ವಾರ ಬ್ರೇಕ್ ಹಿಡಿಯದೆ ಜಾರಿ ತಳಕ್ಕೆ ಬಡಿದಿತ್ತು. ಒಳಗಿದ್ದ ಅಜ್ಜಿಯ ಸೊಂಟದ ಮೂಳೆ ಮುರಿದಿತ್ತು.

“ಸದ್ಯ, ನನ್ನ ತಲೆಗೆ ಬರ್ಲಿಲ್ಲ,” ಎಂದ ಅಣ್ಣ, ತುತ್ತು ನುಂಗುತ್ತ. “ಲಿಫ್ಟ್ ನಡೆಸೋನು ಜಾಸ್ತಿ ಜನ ತುಂಬಿದ್ದ ಅಂತ ಅವನನ್ನೇ ಕೆಲಸದಿಂದ ತೆಗೆದ್ರು.”

“ತುಂಬಿದ್ನಾ?” ಅಕ್ಕ ಕೇಳಿದಳು.

“ಎಲ್ಲಿ ಬಂತು? ಅಜ್ಜಿ, ಅವನು, ಒಂದು ತರಕಾರಿ ಚೀಲ.”

ಅಕ್ಕ ಎದ್ದು ಬಂದು ಅವನ ಕುರ್ಚಿಯ ಬೆನ್ನು ಹಿಡಿದೆಳೆದಳು. ಅಣ್ಣ ತಟ್ಟೆ ಕೈಯಲ್ಲಿ ಹಿಡಿದೇ ಮೇಲೆದ್ದ.

“ಏನಕ್ಕಾ ಇದು! ನಾನೇನು ಎರಡೂ ಸರಿ ಅಂದ್ನಾ?”

“ಅನ್ನಲಿಲ್ಲ. ಬಾಯೇ ಬಿಡಲಿಲ್ಲ. ಅದು ಅದಕ್ಕಿಂತ ಕಡೆ.”

ಅತ್ತಿಗೆ ಗಂಡನ ಪರ ಬಂದರು. “ಮನೆಯವ್ರನ್ನ ಬಿಟ್ಕೊಡೋಕಾಗತ್ತಾ ಅಕ್ಕಾ? ನಿಮ್ಮ ಚೀನಾದೋರೇ ಮುಚ್ಚು ಅಂದಿದಾರಂತಲ್ಲ.”

“ಅಪ್ಪ ದಾರಿ ತಪ್ಪಿದ್ರೆ ಮಗ ಎದುರು ನಿಂತು ಹೇಳ್ಬೇಕು ಅಂತಾನೂ ಅವ್ರೇ ಅಂದಿದಾರೆ. ಅದು ಮಾತ್ರ ಯಾರ ಕಿವಿಗೂ ಬೀಳಲ್ಲ! ಮುಚ್ಚೋದು ಅಂದ್ರೆ ಮನೇಲಿ ಕೂರಿಸಿ ಬಡಿಸೋದಾ?”

“ಅಲ್ಲಕ್ಕಾ, ಒಂದು ಲೆಕ್ಕದಲ್ಲಿ ಅವನು ಹೇಳೋದೂ...” ಎಂದು ಶುರು ಮಾಡಿದ ನಾನು, ಅವಳಿಗೇಕೆ ತೊಂದರೆ ಎಂದು ನಾನಾಗಿಯೇ ಎದ್ದು ನಿಂತೆ.

ಅಣ್ಣನಿಗೂ ಈಗ ರೇಗಿತ್ತು. “ಫ್ಯಾನ್ ಕೆಳಗೆ ನಿಂತು ಪಾಠ ಹೇಳೋದು ಸುಲಭ. ನಾನು ಕಂಪನಿಗೆ ಹೋಗಿ ಹೇಳಲ್ಲ, ಏನಿವಾಗ? ನೀನು ಹೋಗ್ತೀಯಾ? ಒಡಹುಟ್ಟಿದ ತಮ್ಮನ ಮೇಲೆ ದೂರು ಕೊಡ್ತೀಯಾ? ಕೊಡ್ತೀನಿ, ಇಲ್ಲ, ಎರಡರಲ್ಲಿ ಒಂದು ಹೇಳು!”

ಅಕ್ಕ ತನ್ನ ಕುರ್ಚಿಯನ್ನು ತಾನೇ ಎಳೆದುಕೊಂಡು ಹೋಗಿ ಗೋಡೆಗೆ ಒರಗಿಸಿದಳು. ನನ್ನ ನೆನಪಿನಲ್ಲಿ ಹಾಗಾದದ್ದು ಅದೇ ಮೊದಲು. ಒಬ್ಬರೇ ಕೂತಿರುವುದು ಸರಿಯಲ್ಲವೆನಿಸಿ ಅತ್ತಿಗೆಯೂ ಎದ್ದರು. ಬಡಿಸಿದ ಊಟದ ಸುತ್ತ ನಾಲ್ವರೂ ಬಸ್ಸಿಗೆ ಕಾಯುವವರ ಹಾಗೆ ನಿಂತೆವು.

“ಗೊತ್ತಿಲ್ಲ ಕಣೋ,” ಎಂದಳು ಅಕ್ಕ. ಅದನ್ನೂ ಸಿಟ್ಟಿನಿಂದಲೇ. “ಕಂಡೋರ ಮಕ್ಕಳನ್ನ ನಿಲ್ಲಿಸ್ತಾ ಬಂದೆ, ನನಗೇ ಗೊತ್ತಿಲ್ಲ. ಆದ್ರೆ ನಾವೂ ಇಲ್ಲಿ ಅಕ್ಕ ತಮ್ಮ, ಅಕ್ಕ ತಮ್ಮ ಅಂತಾನೇ ಬಡ್ಕೋತಿದೀವಲ್ಲ, ಆ ಲಿಫ್ಟ್‌ನವನ ಮನೇಲಿ ಇವತ್ತು ಊಟಕ್ಕೆ ಏನಿದೆ ಅಂತ ಒಬ್ರಾದ್ರೂ ಕೇಳಿದ್ವಾ?”

ಅಣ್ಣ ತಟ್ಟೆ ಕೆಳಗಿಟ್ಟ. “ಅವನ ಮಗಳು ಬುತ್ತಿ ತರ್ತಿದ್ಲು. ನನಗೂ ಒಂದು ಪಾಲು ತೆಗೆದಿಡ್ತಿದ್ದ, ದರಿದ್ರದೋನು,” ಎಂದ. ಯಾರನ್ನು ಬೈದನೋ ಗೊತ್ತಾಗಲಿಲ್ಲ. ಕೈ ತೊಳೆದು, ಬಾಗಿಲನ್ನು ಗೋಡೆ ಅದುರುವಂತೆ ಎಳೆದುಕೊಂಡು ಹೋದ.

ಮಾರನೆಯ ದಿನ ಕಂಪನಿಯಲ್ಲಿ ಎಲ್ಲವನ್ನೂ ಹೇಳಿದ. ಲಿಫ್ಟ್‌ನವನಿಗೆ ಕೆಲಸ ಮರಳಿ ಸಿಕ್ಕಿತು, ಅಣ್ಣನದು ಹೋಯಿತು. ಈಗ ಅವನು ಪಂಪ್‌ಸೆಟ್ ರಿಪೇರಿ ಅಂಗಡಿಯೊಂದರಲ್ಲಿದ್ದಾನೆ. ಬಹಳ ದಿನ ಅಕ್ಕನ ಮನೆಯ ಕಡೆ ತಲೆ ಹಾಕಲಿಲ್ಲ.

ಮೊನ್ನೆ ಊಟದ ಹೊತ್ತಿಗೆ ಬಂದ. ಹೊಸ್ತಿಲ ಒಳಗೆ ನಿಂತು, “ಕೂತ್ಕೋಬಹುದೋ?” ಎಂದು ನನ್ನನ್ನು ಕೇಳಿದ, ಅಕ್ಕನಿಗೆ ಕೇಳಿಸುವ ಹಾಗೆ.

“ಕುರ್ಚಿ ಅಲ್ಲೇ ಇದೆ, ಎಳ್ಕೊಳಕ್ಕೆ ಕೈ ಇಲ್ವಂತಾ ಕೇಳೋ ಅವನನ್ನ,” ಎಂದಳು ಅವಳು, ಅವನಿಗೆ ಕೇಳಿಸುವ ಹಾಗೆ.

ಅಣ್ಣ ಕುರ್ಚಿ ಎಳೆದುಕೊಂಡು ಕೂತ. ಅಕ್ಕ ಸೌಟು ಕುಕ್ಕಿ ಕುಕ್ಕಿ, ಬೇಡವೆಂದರೂ ಬಿಡದೆ ಬಡಿಸಿದಳು. ತಾನು ಮಾತ್ರ ತಟ್ಟೆ ಹಿಡಿದು ನಿಂತೇ ಉಂಡಳು. ಅವಳ ಕುರ್ಚಿ ಇನ್ನೂ ಗೋಡೆಯ ಹತ್ತಿರವೇ ಇದೆ.