ಗುಂಡುಕಲ್ಲಿನ ತೊಟ್ಟಿಲು, ಮೂರನೇ ಬಾಣ

ತೊಟ್ಟಿಲಿಗೆ ಕೈ ಹಾಕಿದ್ದೆ ಅಷ್ಟೆ, ಮನೆಯ ಹೆಂಗಸರೆಲ್ಲ ಒಟ್ಟಿಗೆ ಕೂಗಿಕೊಂಡರು.

“ಅಯ್ಯೋ, ಬರೀ ತೊಟ್ಲು ತೂಗ್ಬಾರ್ದು ಕಣೇ!”

ಕಳೆದ ಭಾನುವಾರ, ಕುಣಿಗಲ್ ಹತ್ತಿರದ ಕೊತ್ತಗೆರೆಯ ನನ್ನ ತವರುಮನೆಯಲ್ಲಿ ತಂಗಿಯ ಮಗುವಿಗೆ ನಾಮಕರಣ. ಮಗುವಿಗೆ ಇನ್ನೂ ಸ್ನಾನ ಮಾಡಿಸುತ್ತಿದ್ದರು. ಖಾಲಿ ತೊಟ್ಟಿಲು ನನಗೆ ಸಿಂಪಲ್ ಪೆಂಡ್ಯುಲಮ್ ಆಗಿ ಕಂಡಿತು... ತುಮಕೂರಿನಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವಳ ಕಣ್ಣು, ಏನು ಮಾಡೋದು!

ಕಾರಣವೂ ಇತ್ತು. ಅಣ್ಣನ ಮಗಳು ಸಿಂಚನಾಗೆ ಮಾರನೇ ದಿನವೇ ಪ್ರಾಕ್ಟಿಕಲ್ ಪರೀಕ್ಷೆ. ಪೆಂಡ್ಯುಲಮ್ ಮೇಲಿನ ಬಲಗಳನ್ನು ಬರೆ ಅಂದರೆ ಪ್ರತಿಸಲ ಮೂರು ಬಾಣ ಹಾಕುತ್ತಿದ್ದಳು.

ತೂಕ ಕೆಳಕ್ಕೆ, ಟೆನ್ಷನ್ ಹಗ್ಗದ ಗುಂಟ ಮೇಲಕ್ಕೆ, ಇವೆರಡೂ ಸರಿ. ಮೂರನೆಯದು ಮುಂದಕ್ಕೆ! ಟೆಸ್ಟಿನಲ್ಲಿ ಅದಕ್ಕೇ ಮಾರ್ಕ್ಸ್ ಹೋಗಿ, ನನ್ನ ತಲೆಗೆ ಸೈನ್ಸ್ ಹತ್ತಲ್ಲ, ಬಿಟ್ಟುಬಿಡ್ತೀನಿ ಅಂತ ಬೆಳಿಗ್ಗೆಯಿಂದ ಮುಖ ಊದಿಸಿಕೊಂಡಿದ್ದಳು.

ಸರಿ, ಖಾಲಿ ತೂಗಬಾರದಲ್ಲ... ಹೇಗೂ ಶಾಸ್ತ್ರಕ್ಕೆ ಮಗುವಿಗಿಂತ ಮೊದಲು ರುಬ್ಬುವ ಗುಂಡುಕಲ್ಲನ್ನು ಮಲಗಿಸುತ್ತಾರೆ. ಅದಕ್ಕೆ ಕುಲಾವಿ ಹಾಕಿ, ಅರಿಶಿನ ಕುಂಕುಮ ಇಟ್ಟು ಮಲಗಿಸಿದರು. ಮಗುವಿಗಿಂತ ಲಕ್ಷಣವಾಗಿ, ಅಳದೆ ಮಲಗಿತು.

ನಾನು ತೊಟ್ಟಿಲನ್ನು ಪಕ್ಕಕ್ಕೆ ಎಳೆದು, ಮೆಲ್ಲಗೆ ಬಿಟ್ಟು ಪಾಠ ಶುರು ಮಾಡಿದೆ. ನೋಡು, ತೂಕದ ಒಂದು ಪಾಲು ಹಗ್ಗವನ್ನು ಬಿಗಿಯಾಗಿ ಇಡುತ್ತೆ, ಇನ್ನೊಂದು ಪಾಲು ತೊಟ್ಟಿಲನ್ನು ನಡುವಿಗೆ ಎಳೆಯುತ್ತೆ. ಮುಂದಕ್ಕೆ ತಳ್ಳುವವರು ಯಾರೂ ಇಲ್ಲ...

ಅಷ್ಟರಲ್ಲಿ ಎಲೆಅಡಿಕೆ ತಟ್ಟೆ ಹಿಡಿದು ಹೋಗುತ್ತಿದ್ದ ಗುಬ್ಬಿಯ ದೊಡ್ಡಮ್ಮ ತೊಟ್ಟಿಲನ್ನು ಒಂದು ಸಲ ತಳ್ಳಿ ಹೋದರು.

ಸಿಂಚನಾ ನನ್ನ ಮುಖ ನೋಡಿದಳು.

ನಿಲ್ಲಿಸಿ ಮತ್ತೆ ಶುರು ಮಾಡಿದೆ. ದೊಡ್ಡಮ್ಮ ತಟ್ಟೆ ಇಟ್ಟು ವಾಪಸ್ ಬರುವಾಗ ಮತ್ತೆ ತಳ್ಳಿದರು, ಈ ಸಲ ಜೋಗುಳದ ಸಮೇತ. ಕಲ್ಲಿಗೆ ಜೋಗುಳ! ತೊಟ್ಟಿಲು ಕಂಡರೆ ಸುಮ್ಮನೆ ದಾಟಿಹೋಗುವ ಕೈ ನಮ್ಮ ಮನೆತನದಲ್ಲೇ ಇಲ್ಲ.

“ದೊಡ್ಡಮ್ಮ, ಸ್ವಲ್ಪ ಹೊತ್ತು ಮುಟ್ಬೇಡಿ, ಪಾಠ ಹೇಳ್ತಿದೀನಿ.”

“ನೀನ್ ಹೇಳ್ಕೊ ಬುಡವ್ವ, ನಿನ್ ಬಾಯಿಗೂ ನನ್ ಕೈಗೂ ಏನ್ ಸಂಬಂಧ?” ಅಂತ ಇನ್ನೊಂದು ಸಲ ತಳ್ಳಿ ಒಳಗೆ ಹೋದರು.

ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಆಗ ಸಿಂಚನಾ ತೊಟ್ಟಿಲನ್ನೇ ನೋಡುತ್ತಾ ಮೆಲ್ಲಗೆ ಹೇಳುತ್ತಾಳೆ...

“ಅತ್ತೆ, ಅಜ್ಜಿ ಒಳಗ್ ಹೋಗಾಯ್ತು, ತೊಟ್ಲು ಇನ್ನೂ ಆಡ್ತಾನೇ ಐತೆ. ಹಂಗಾದ್ರೆ ಆ ಮೂರನೇ ಬಾಣ ಅಜ್ಜಿ ಕೈ ಜೊತೆಗೇ ಹೋಯ್ತು, ಅಲ್ವಾ?”

ಹೌದು! ಕೈ ಬಿಟ್ಟ ಮೇಲೆ ಉಳಿಯೋದು ವೇಗ, ತಳ್ಳುವ ಬಲ ಅಲ್ಲ. ನನ್ನ ಬೋರ್ಡು, ಚಾಕ್‌ಪೀಸ್ ಮಾಡಲಾಗದ್ದನ್ನು ಅಡ್ಡ ಬಂದ ದೊಡ್ಡಮ್ಮನ ಕೈ ಮಾಡಿತ್ತು. ಖುಷಿಗೆ ಅವಳನ್ನು ತಬ್ಬಿಕೊಂಡೆ.

ಸೋಮವಾರ ಸಂಜೆ ಸಿಂಚನಾ ಫೋನ್ ಮಾಡಿದಳು. ಚಿತ್ರದಲ್ಲಿ ಎರಡೇ ಬಾಣ ಹಾಕಿದ್ದಾಳೆ. ವೈವಾದಲ್ಲಿ ಪರೀಕ್ಷಕರು, ಲೆಕ್ಕಕ್ಕೆ ತಗೊಳ್ಳದೆ ಏನೇನು ನೆಗ್ಲೆಕ್ಟ್ ಮಾಡಿದೀಯಮ್ಮ ಅಂತ ಕೇಳಿದರಂತೆ. ಇವಳು ಗಾಬರಿಯಲ್ಲಿ, “ಏರ್ ರೆಸಿಸ್ಟೆನ್ಸು, ಗುಬ್ಬಿ ಅಜ್ಜಿ” ಅಂದುಬಿಟ್ಟಿದ್ದಾಳೆ!

ಸೈನ್ಸ್ ಬಿಡುವ ಮಾತು ಈಗ ಎತ್ತುತ್ತಿಲ್ಲ.

ಆದರೆ ವಿಷಯ ದೊಡ್ಡಮ್ಮನ ಕಿವಿಗೂ ಬಿದ್ದಿದೆ. ಅಷ್ಟೊಂದು ತೂಗಿದ ನನ್ನನ್ನೇ ಲೆಕ್ಕಕ್ಕೆ ಇಟ್ಟಿಲ್ವಂತೆ ಅಂತ ಮುನಿಸಿಕೊಂಡಿದ್ದಾರೆ... ಅವರನ್ನು ಸಮಾಧಾನ ಮಾಡುವ ಫಾರ್ಮುಲಾ ನಿಮ್ಮಲ್ಲಿ ಯಾರಿಗಾದರೂ ಗೊತ್ತಾ?