ಸ್ವರ ನಿಮ್ಮದು, ಪೆನ್ ಡ್ರೈವ್ ಅವರದ್ದು

ಕನ್ನಡಕ ತೆಗೆದರೆ ನನಗೆ ಇಡೀ ಉಡುಪಿ ಒಂದೇ ಜಾತಿ. ಹತ್ತಿರ ನಿಂತವರು ಹೊಗೆ, ದೂರ ನಿಂತವರು ಇನ್ನೂ ಸ್ವಲ್ಪ ತೆಳು ಹೊಗೆ. ಬೇರೆ ಕೆಲಸದವನಾಗಿದ್ದರೆ ಕನ್ನಡಕ ಹಾಕಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ನಾನು ಮಿಮಿಕ್ರಿಯವನು. ಮದುವೆ ಮನೆಯ ಮೆಹೆಂದಿ, ಕಾಲೇಜ್ ಡೇ, ಸಂಘದ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಹೋಗಿ ಬೇರೆಯವರ ಸ್ವರದಲ್ಲಿ ಮಾತಾಡಿ ಊಟ ಮಾಡಿ ಬರುವುದು ನನ್ನ ಕಸುಬು. ಮಂತ್ರಿಯಾಗಬೇಕು, ಬಸ್ಸಿನ ಕಂಡಕ್ಟರ್ ಆಗಬೇಕು, ಮೀನು ಮಾರುವ ಹೆಂಗಸಾಗಬೇಕು. ಅವರಲ್ಲಿ ಯಾರಿಗೂ ಸೋಡಾ ಬಾಟ್ಲಿಯ ತಳದಂಥ ಕನ್ನಡಕ ಇಲ್ಲ. ಹಾಗಾಗಿ ಸ್ಟೇಜ್ ಹತ್ತುವಾಗ ನನ್ನದನ್ನು ತೆಗೆದು ಕಿಸೆಗೆ ಹಾಕುತ್ತಿದ್ದೆ. ಮುಂದೆ ಕೂತವರು ನಗುತ್ತಿದ್ದಾರೋ ಆಕಳಿಸುತ್ತಿದ್ದಾರೋ ಎಂಬುದನ್ನು ಕಿವಿಯಿಂದಲೇ ನೋಡಬೇಕಿತ್ತು.

ಕಾಪುವಿನ ಒಂದು ಮೆಹೆಂದಿಯಲ್ಲಿ ಮುಂದಿನ ಸಾಲಿನ ಒಬ್ಬ ದಪ್ಪ ಮನುಷ್ಯ ಏನು ಮಾಡಿದರೂ ಅಲುಗಲಿಲ್ಲ. ನನಗೆ ಹಟ ಬಂತು. “ಎಂತ ಧಣಿಗಳೇ, ಹುಡುಗಿಯ ಕಡೆಯವರಾ? ಖರ್ಚು ನಿಮ್ಮದಾ? ಮುಖ ಯಾಕೆ ಹಾಗೆ?” ಎಂದು ಸಾಕಷ್ಟು ಹೊತ್ತು ಅವರ ಬೆನ್ನು ಹತ್ತಿದೆ. ಜನ ಬಿದ್ದು ಬಿದ್ದು ನಕ್ಕರು. ಇಳಿದು ಬಂದು ಕನ್ನಡಕ ಹಾಕಿ ನೋಡಿದರೆ, ಒಂದರ ಮೇಲೊಂದು ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು, ಮೇಲೆ ಯಾರದೋ ಶಾಲು.

“ಕುರ್ಚಿಯನ್ನೂ ಬಿಡುವುದಿಲ್ಲ ಅಲ್ವಾ ಮಾರಾಯ ನೀನು!” ಎಂದು ಸೌಂಡ್ ಬಾಕ್ಸಿನವನು ಬೆನ್ನು ತಟ್ಟಿದ. ಬೇಕೆಂದೇ ಮಾಡಿದವನ ಹಾಗೆ ನಕ್ಕೆ. ಮನೆಗೆ ಹೋಗುವ ದಾರಿಯಿಡೀ ಅದೇ ಯೋಚನೆ. ಇವತ್ತು ಕುರ್ಚಿ, ನಾಳೆ ಯಾರದೋ ಮನೆಯ ಸಾವಿನ ಸುದ್ದಿ ಕೇಳಿ ಅಳುತ್ತಾ ಕೂತವರನ್ನು ಹೀಗೆ ಕೆಣಕಿದರೆ? ಎದುರಿನ ಮುಖ ಕಾಣದವನು ನಗಿಸುವ ಕೆಲಸ ಎಷ್ಟು ದಿನ ಮಾಡಬಹುದು? ಕಾಂಟ್ಯಾಕ್ಟ್ ಲೆನ್ಸ್ ಹಾಕಿ ನೋಡಿದ್ದೆ. ಕಣ್ಣು ಹಳಸಿದ ಬಂಗುಡೆ ಮೀನಿನ ಕಣ್ಣಿನಷ್ಟು ಕೆಂಪಾಗಿ, ತುರಿಸಿ, ಎರಡೂ ಲೆನ್ಸ್ ಕಸದ ಬುಟ್ಟಿ ಸೇರಿದ್ದವು. ಉಳಿದದ್ದು ಕಣ್ಣಿನ ನಂಬರನ್ನೇ ತೆಗೆಯುವ ಲೇಸರ್ ಆಪರೇಷನ್ ಒಂದೇ.

ಲೇಸರಿನ ವಿಷಯ ನನ್ನ ತಲೆಗೆ ಹಾಕಿದವರು ಯಾರು ಎಂದು ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ. ನಾನೇ.

ಮಿಮಿಕ್ರಿ ಇಲ್ಲದ ದಿನಗಳಲ್ಲಿ ಆಟೋ ಮೈಕಿನ ಪ್ರಚಾರಕ್ಕೆ ಸ್ವರ ಕೊಡುತ್ತೇನೆ. ಸೀರೆ ಅಂಗಡಿ, ಫರ್ನಿಚರ್ ಮೇಳ, ಕಾಣೆಯಾದ ನಾಯಿ, ಎಲ್ಲವೂ ನನ್ನದೇ ಬಾಯಿ. ಉಡುಪಿಯ ಒಂದು ಕಣ್ಣಿನ ಕ್ಲಿನಿಕ್ಕಿನವರು ತಮ್ಮ ಲೇಸರಿನ ಪ್ರಚಾರಕ್ಕೆ ಕರೆದು, “ನಂಬಿಕೆ ಬರುವ ಸ್ವರ ಬೇಕು” ಎಂದಿದ್ದರು. ನಮ್ಮೂರಿನ ಹಳೆಯ ಡಾಕ್ಟರರ ಸ್ವರ ಹಾಕಿದೆ. ಎಲ್ಲ ಕಾಯಿಲೆಗೂ ಅದೇ ಕೆಂಪು ಔಷಧಿ ಕೊಡುತ್ತಿದ್ದ ಮುದುಕರು. ಅವರ “ಎಂತದೂ ಇಲ್ಲ ಮಗಾ” ಕೇಳಿದರೇ ಅರ್ಧ ಜ್ವರ ಇಳಿಯುತ್ತಿತ್ತು. ಅದೇ ಸ್ವರದಲ್ಲಿ ಹೇಳಿದೆ: “ಬೆಳಿಗ್ಗೆ ಎದ್ದು ಕನ್ನಡಕ ಹುಡುಕುತ್ತಿದ್ದೀರಾ? ಇನ್ನು ಹುಡುಕಬೇಡಿ! ನೋವಿಲ್ಲ, ಹೊಲಿಗೆ ಇಲ್ಲ, ಎಂತದೂ ಇಲ್ಲ ಮಗಾ!” ಕೂಲಿಯ ಬದಲು ನನ್ನ ಕಣ್ಣಿಗೆ ಡಿಸ್ಕೌಂಟ್ ಎಂದು ಮಾತಾಯಿತು. ಆಟೋ ಊರು ಸುತ್ತಿತು. ದಿನಾ ಕೇಳಿ ಕೇಳಿ, ಊರವರಿಗಿಂತ ಮೊದಲು ನಾನೇ ಮರುಳಾದೆ.

ಕ್ಲಿನಿಕ್ಕಿನಲ್ಲಿ ಡಾಕ್ಟರರ ಮುಖ ಕಾಣುವ ಮೊದಲೇ ಕೌನ್ಸೆಲರ್ ಮೇಡಂ ಕೂರಿಸಿದರು. ಒಂದು ಯಂತ್ರದಲ್ಲಿ ನಂಬರ್ ನೋಡಿದ್ದಷ್ಟೇ. ಆಮೇಲೆ ಹೋಟೆಲಿನ ಹಾಗೆ ಶುರುವಾಯಿತು.

“ನಮ್ಮಲ್ಲಿ ಮೂರು ಆಪ್ಷನ್ ಉಂಟು ಸರ್. ಬೇಸಿಕ್, ಬ್ಲೇಡ್ ಇಲ್ಲದ್ದು, ಮತ್ತೆ ಪ್ರೀಮಿಯಂ. ಪ್ರೀಮಿಯಂನಲ್ಲಿ ಸಣ್ಣ ತೂತು ಮಾತ್ರ.”

“ವ್ಯತ್ಯಾಸ ಎಂತ ಮೇಡಂ?”

“ಪ್ರೀಮಿಯಂ ತುಂಬಾ ಕಂಫರ್ಟ್ ಸರ್.”

“ಹಾಗಾದರೆ ಬೇಸಿಕ್ ಮಾಡಿಸಿದವರು ಎಂತ, ಗೋಡೆಗೆ ಗುದ್ದುತ್ತಾರಾ?”

“ಛೇ, ಹಾಗಲ್ಲ ಸರ್. ಅದೂ ಒಳ್ಳೆಯದೇ. ಆದರೆ ಕಣ್ಣು ಅಲ್ವಾ ಸರ್?”

ಆ “ಕಣ್ಣು ಅಲ್ವಾ ಸರ್” ಎಂಬುದನ್ನು ನಾನು ಆಮೇಲೆ ಎಷ್ಟೋ ಸಲ ಅನುಕರಿಸಿದ್ದೇನೆ. ಆ ಮೃದುತನ ಇವತ್ತಿಗೂ ನನ್ನ ಬಾಯಿಗೆ ಸರಿಯಾಗಿ ಬರುವುದಿಲ್ಲ. ಬೇಸಿಕ್ ಎಂದರೆ ಒಂದು ಹಳೆಯ ಸ್ಕೂಟರಿನ ಬೆಲೆ. ಬ್ಲೇಡ್ ಇಲ್ಲದ್ದು ಹೊಸ ಸ್ಕೂಟರ್. ಪ್ರೀಮಿಯಂ ಎಂದರೆ ನಾನು ಸ್ವಂತಕ್ಕೆ ತೆಗೆದುಕೊಳ್ಳಬೇಕೆಂದು ಹಣ ಕೂಡಿಸುತ್ತಿದ್ದ ಸೌಂಡ್ ಸೆಟ್, ಸ್ಪೀಕರ್, ಮಿಕ್ಸರ್, ಕಾರ್ಡ್‌ಲೆಸ್ ಮೈಕ್ ಸಮೇತ. ಕಿವಿಯಾ, ಕಣ್ಣಾ? ಜನರಿಗೆ ನಾನು ಕೇಳಬೇಕಾ, ನನಗೆ ಜನ ಕಾಣಬೇಕಾ? ಇದೇ ಲೆಕ್ಕ ಹಾಕುತ್ತಾ ಕೂತೆ.

“ಕಣ್ಣಿನ ಸ್ಕ್ಯಾನ್ ಎಲ್ಲ ಯಾವಾಗ?” ಎಂದೆ.

“ಅದು ಆಪರೇಷನ್ ದಿನವೇ ಆಗ್ತದೆ ಸರ್, ಪ್ಯಾಕೇಜಿನಲ್ಲೇ ಉಂಟು. ಅಡ್ವಾನ್ಸ್ ಈ ವಾರ ಕಟ್ಟಿದರೆ ಆಫರ್.”

ಮನೆಗೆ ಬಂದು ಪ್ರೀಮಿಯಂನ ಬಣ್ಣದ ಪುಸ್ತಕವನ್ನು ಅಮ್ಮನಿಗೆ ತೋರಿಸಿದೆ. ಅಮ್ಮ ಮೀನು ಕೊಯ್ಯುತ್ತಿದ್ದರು. ಕೈ ತೊಳೆಯಲಿಲ್ಲ, ಪುಸ್ತಕ ಮುಟ್ಟಲೂ ಇಲ್ಲ.

“ಬೇರೆ ಎಲ್ಲಿ ಕೇಳಿದೆ?”

“ಬೇರೆ ಯಾಕೆ?”

“ನಾಲ್ಕು ಬಂಗುಡೆ ತೆಗೊಳ್ಳಲಿಕ್ಕೆ ನಾನು ಮಲ್ಪೆಯಲ್ಲಿ ತಾಜಾ ಉಂಟಾ ಅಂತ ಹತ್ತು ಬುಟ್ಟಿಯ ಕಿವಿರು ಎತ್ತಿ ನೋಡ್ತೇನೆ. ನಿನ್ನ ಕಣ್ಣಿಗೆ ಒಂದೇ ಬುಟ್ಟಿಯಾ?”

“ಅವರು ಡಾಕ್ಟರ್ ಅಮ್ಮಾ, ಮೀನಿನವರಲ್ಲ.”

“ಮೀನಿನವರಾದರೆ ಕಿವಿರು ತೋರಿಸ್ತಾರೆ. ಇವರು ಎಂತ ತೋರಿಸಿದ್ದು? ಪಟ.”

ಬೈಗುಳ ತಪ್ಪಿಸಿಕೊಳ್ಳಲಿಕ್ಕೆಂದೇ ಮಣಿಪಾಲದ ದೊಡ್ಡ ಆಸ್ಪತ್ರೆಗೆ ಹೋದೆ. ಅಲ್ಲಿ ಕಣ್ಣಿಗೆ ಔಷಧಿ ಬಿಟ್ಟು ಕಾಯಿಸಿದರು, ಯಂತ್ರದಿಂದ ಯಂತ್ರಕ್ಕೆ ಕಳಿಸಿದರು, ಮತ್ತೆ ಕಾಯಿಸಿದರು. ಕೊನೆಗೆ ಒಬ್ಬರು ಲೇಡಿ ಡಾಕ್ಟರ್ ಪರದೆ ನೋಡುತ್ತಾ ಕೇಳಿದರು, “ಕಣ್ಣು ಉಜ್ಜುವ ಅಭ್ಯಾಸ ಉಂಟಾ?”

ನನಗೆ ಖುಷಿಯಾಯಿತು. ನನ್ನ ಅತ್ಯಂತ ಹೆಸರಾದ ಐಟಂ ಅದೇ. ಹೈಸ್ಕೂಲಿನ ಗಣಿತದ ಮಾಸ್ಟ್ರು ನಾವು ಲೆಕ್ಕ ತಪ್ಪಿದಾಗೆಲ್ಲ ಕನ್ನಡಕ ಹಣೆಗೇರಿಸಿ, ಎರಡೂ ಮುಷ್ಟಿಯಿಂದ ಕಣ್ಣು ಗಸಗಸ ಉಜ್ಜಿ, “ಅಯ್ಯೋ ದೇವರೇ, ಇದು ಎಂತ ಲೆಕ್ಕ ಮಾರಾಯ!” ಎನ್ನುತ್ತಿದ್ದರು. ಹೈಸ್ಕೂಲಿನಿಂದ ಇವತ್ತಿನವರೆಗೆ ಅದನ್ನು ಮಾಡದೆ ಯಾವ ಸ್ಟೇಜಿನಿಂದಲೂ ಇಳಿದವನಲ್ಲ. ಆ ಒಂದು ಐಟಂಗೆ ಮಾತ್ರ ಕನ್ನಡಕ ಕಿಸೆಯಿಂದ ಹೊರಗೆ ಬರುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಗೆಳೆಯರು ಸಿಕ್ಕರೂ ಅದೇ ಬೇಕು. ಡಾಕ್ಟರರ ಎದುರು ಪೂರ್ತಿ ಮಾಡಿ ತೋರಿಸಿದೆ. ನರ್ಸ್ ನಕ್ಕರು. ಡಾಕ್ಟರ್ ನಗಲಿಲ್ಲ.

“ಅದನ್ನು ಇವತ್ತೇ ನಿಲ್ಲಿಸಿ,” ಎಂದರು.

ಪರದೆಯನ್ನು ನನ್ನ ಕಡೆ ತಿರುಗಿಸಿದರು. ಹವಾಮಾನದ ನಕ್ಷೆಯ ಹಾಗೆ ನನ್ನ ಕಣ್ಣು. ಕೆಳಗಡೆ ಒಂದು ಕೆಂಪು ಮಚ್ಚೆ. “ಕಣ್ಣಿನ ಮುಂದಿನ ಪದರ, ಕಾರ್ನಿಯಾ, ಇಲ್ಲಿ ತೆಳು ಆಗಿ ಉಬ್ಬಿದೆ. ಲೇಸರ್ ಅಂದರೆ ಇದನ್ನೇ ಕೆತ್ತಿ ತೆಗೆಯುವುದು. ನಿಮ್ಮಲ್ಲಿ ಕೆತ್ತಲಿಕ್ಕೆ ಇಲ್ಲ.”

“ಪ್ರೀಮಿಯಂ ಆದರೆ?”

“ಯಾವುದೂ ಆಗುವುದಿಲ್ಲ.”

“ಈಗಾಗಲೇ ಮಾಡಿಸಿದ್ದರೆ?”

“ಉಬ್ಬು ಜಾಸ್ತಿಯಾಗಿ, ಕನ್ನಡಕ ಹಾಕಿದರೂ ಸರಿ ಕಾಣದ ಹಾಗೆ ಆಗಬಹುದಿತ್ತು.”

ಮಾಸ್ಟ್ರ ಐಟಂ ಮಾಡಿ ಮಾಡಿಯೇ ಹೀಗಾಯಿತಾ ಎಂದು ಕೇಳಿದೆ. ಅದೊಂದೇ ಕಾರಣ ಎಂದು ಹೇಳಲಿಕ್ಕಾಗದು, ಆದರೆ ಉಜ್ಜಿದಷ್ಟೂ ಕೆಡುತ್ತದೆ ಎಂದರು. ಆಗಾಗ ಬಂದು ತೋರಿಸಬೇಕು, ಹೆಚ್ಚಾದರೆ ಪದರವನ್ನು ಗಟ್ಟಿ ಮಾಡುವ ಚಿಕಿತ್ಸೆ ಉಂಟು ಎಂದೂ ಹೇಳಿದರು.

ಹೊರಗೆ ಬಂದಾಗ ಮೊದಲು ಬಂದದ್ದು ಹೆದರಿಕೆ. ಬಸ್ ಹತ್ತುವಾಗ ಅದು ಸಿಟ್ಟಾಗಿತ್ತು. ಲೇಸರಿನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಅಕ್ಕ ಮಾಡಿಸಿಕೊಂಡು ಈಗ ಎದುರು ಮನೆಯ ಟಿವಿಯ ಸಣ್ಣ ಅಕ್ಷರವನ್ನೂ ಓದುತ್ತಾಳೆ, ಅವಳ ಕಾರ್ನಿಯಾ ಅವಳ ನಾಲಿಗೆಯಷ್ಟೇ ಗಟ್ಟಿ. ಸಿಟ್ಟು ಆ ಒಂದು ಪ್ರಶ್ನೆಯ ಮೇಲೆ. “ಕಣ್ಣು ಉಜ್ಜುತ್ತೀರಾ?” ಕೇಳಲು ಯಂತ್ರ ಬೇಡ, ಸ್ಕೂಟರಿನ ಬೆಲೆ ಬೇಡ. ಯಾವ ಪ್ಯಾಕೇಜ್, ಯಾವ ಕಾರ್ಡ್, ಇಎಂಐ ಬೇಕಾ ಎಂದೆಲ್ಲ ಕೇಳಿದವರಿಗೆ ಇದೊಂದು ನೆನಪಾಗಲಿಲ್ಲ.

ಕಡಿಯಾಳಿಯಲ್ಲಿ ಬಸ್ ನಿಂತಾಗ ಕಿಟಕಿಯಿಂದ ಕೇಳಿಸಿತು: “ಎಂತದೂ ಇಲ್ಲ ಮಗಾ!”

ಇಳಿದು ಓಡಿದೆ. ಕಣ್ಣಿಗೆ ಬಿಟ್ಟ ಔಷಧಿಯಿಂದ ಬಿಸಿಲು ಸೂಜಿಯ ಹಾಗೆ ಚುಚ್ಚುತ್ತಿತ್ತು. ಸ್ವರ ಹಿಡಿದುಕೊಂಡೇ ಹೋಗಿ ಆಟೋದ ಎದುರು ನಿಂತೆ.

“ಮೈಕ್ ಬಂದ್ ಮಾಡಿ!”

“ಯಾಕೆ? ನೀವು ಎಂತ, ಪೊಲೀಸಾ?” ಎಂದ ಡ್ರೈವರ್.

“ಆ ಸ್ವರ ನನ್ನದು.”

“ಸುಮ್ಮನಿರಿ ಮಾರಾಯ್ರೇ, ಅದು ಯಾರೋ ಹಿರಿಯ ಡಾಕ್ಟರರದ್ದು.”

ಅಲ್ಲೇ ನಿಂತು, ನೋವಿಲ್ಲ, ಹೊಲಿಗೆ ಇಲ್ಲ, ಎಂತದೂ ಇಲ್ಲ ಮಗಾ ಎಂದೆ. ಡ್ರೈವರ್ ಸೀಟಿನಿಂದ ಅರ್ಧ ಎದ್ದ. “ಓ, ನೀವೇ ಅಲ್ವಾ! ನನ್ನ ತಂಗಿ ನಿಮ್ಮ ಮಾತು ಕೇಳಿಯೇ ಅಲ್ಲಿ ಹೆಸರು ಬರೆಸಿದ್ದು!”

“ಸ್ಕ್ಯಾನ್ ಆಯ್ತಾ ಅವಳದ್ದು?”

“ಅದು ಆ ದಿನವೇ ಅಂತೆ.”

ಮೊದಲು ಬೇರೆ ಕಡೆ ಸ್ಕ್ಯಾನ್ ಮಾಡಿಸಿ, ಅವಳು ಕಣ್ಣು ಉಜ್ಜುತ್ತಾಳಾ ನೋಡಿ, ಈಗ ಮಾತ್ರ ಇದನ್ನು ಬಂದ್ ಮಾಡಿ ಎಂದು ಒಂದೇ ಉಸಿರಿಗೆ ಹೇಳಿದೆ.

“ಬಂದ್ ಮಾಡ್ಲಿಕ್ಕೆ ಆಗುವುದಿಲ್ಲ. ಸ್ವರ ನಿಮ್ಮದಾದರೆ ಎಂತ, ಪೆನ್ ಡ್ರೈವ್ ಅವರದ್ದು,” ಎಂದ ಡ್ರೈವರ್. ಆಮೇಲೆ ತಲೆ ಕೆರೆದುಕೊಂಡು, “ಅಲ್ಲ, ಮೈಕಿನಲ್ಲಿ ಬನ್ನಿ ಅಂತೀರಿ, ರಸ್ತೆಯಲ್ಲಿ ನಿಂತು ಅಲ್ಲಿಗೆ ಹೋಗಬೇಡಿ ಅಂತೀರಿ. ನಾವು ಯಾವುದನ್ನು ನಂಬುವುದು?” ಎಂದ.

ಆಟೋ ಹೋಯಿತು. ಅದರ ನಂಬರನ್ನಾದರೂ ನೋಡಿಕೊಳ್ಳೋಣ ಎಂದರೆ ಬಿಸಿಲಿಗೆ ಕಣ್ಣು ತೆರೆಯಲಾಗಲಿಲ್ಲ. ಆ ತಂಗಿಯ ಕಣ್ಣು ಏನಾಯಿತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಅಲ್ಲಿಂದ ನೇರ ಕ್ಲಿನಿಕ್ಕಿಗೆ ಹೋದೆ. ಜೋರಾಗಿಯೇ ಮಾತಾಡಿದೆ. ಕಾಯುತ್ತಾ ಕೂತವರೆಲ್ಲ ತಿರುಗಿ ನೋಡಿದರು. ಪ್ರಚಾರ ನಿಲ್ಲಿಸಿ, ಇಲ್ಲದಿದ್ದರೆ “ಮೊದಲು ಸ್ಕ್ಯಾನ್ ಮಾಡಿಸಿ” ಎಂಬ ಒಂದು ಮಾತು ಸೇರಿಸಿ, ಕೂಲಿ ಇಲ್ಲದೆ ರೆಕಾರ್ಡ್ ಮಾಡಿ ಕೊಡುತ್ತೇನೆ ಎಂದೆ.

“ಅದು ಮ್ಯಾನೇಜ್‌ಮೆಂಟಿನವರು ನೋಡಬೇಕು ಸರ್,” ಎಂದರು ಕೌನ್ಸೆಲರ್ ಮೇಡಂ, ಅದೇ ಮೃದು ಸ್ವರದಲ್ಲಿ. “ನೀವು ಟೆನ್ಷನ್ ಮಾಡಬೇಡಿ. ನಿಮ್ಮ ಡಿಸ್ಕೌಂಟ್ ಮನೆಯವರಿಗೆ ಬದಲಿಸಿ ಕೊಡುವ. ಅಮ್ಮನಿಗೆ ಪೊರೆ ಉಂಟಾ ಸರ್?”

ಮೇಜಿನ ಮೇಲಿದ್ದ ಪ್ರೀಮಿಯಂನ ಬಣ್ಣದ ಪುಸ್ತಕವನ್ನು ಮಗುಚಿ ಹಾಕಿ ಹೊರಗೆ ಬಂದೆ.

ಈಗ ಸ್ಟೇಜಿನಲ್ಲಿ ಕನ್ನಡಕ ತೆಗೆಯುವುದಿಲ್ಲ. ನನ್ನ ಮಂತ್ರಿಗೂ ಕನ್ನಡಕ, ಮೀನು ಮಾರುವ ಹೆಂಗಸಿಗೂ ಕನ್ನಡಕ. ಮೊದಲ ಸಲ ಹಾಗೆ ಹತ್ತಿದ್ದು ಕಾರ್ಕಳದ ಕಡೆಯ ಒಂದು ಕಾಲೇಜಿನ ಹಾಸ್ಟೆಲ್ ಡೇಯಲ್ಲಿ. ಅಷ್ಟೂ ಮುಖ ಕಂಡವು. ಮುಂದಿನ ಸಾಲಿನ ಪ್ರೊಫೆಸರು ಮೊಬೈಲ್ ನೋಡುತ್ತಿದ್ದದ್ದೂ ಕಂಡಿತು. ಕಾಣದಿದ್ದರೇ ಚೆನ್ನಾಗಿತ್ತು. ಹುಡುಗರು “ಮಾಸ್ಟ್ರು! ಮಾಸ್ಟ್ರು!” ಎಂದು ಕೂಗಿದರು. ಕೈ ತಾನಾಗಿ ಕನ್ನಡಕಕ್ಕೆ ಹೋಯಿತು. ಕೈಯನ್ನು ಹಿಂದಕ್ಕೆ ಎಳೆದುಕೊಂಡು ಕಿಸೆಯೊಳಗೆ ತುರುಕಿದೆ. ಮಾಸ್ಟ್ರ ಬದಲು ಕೌನ್ಸೆಲರ್ ಮೇಡಂ ಬಂದರು, ಆಟೋದ ಮುದುಕ ಡಾಕ್ಟರ್ ಬಂದರು. “ನೋವಿಲ್ಲ, ಹೊಲಿಗೆ ಇಲ್ಲ, ಸ್ಕ್ಯಾನೂ ಇಲ್ಲ ಮಗಾ! ಅಡ್ವಾನ್ಸ್ ಉಂಟು!” ಎಂದೆ. ನನಗಾದದ್ದನ್ನೆಲ್ಲ ಹೇಳಿದೆ. ಸಿಟ್ಟಿನಲ್ಲೇ ಹೇಳಿದೆ. ಅಷ್ಟು ಜೋರಾಗಿ ನನ್ನ ಮಾತಿಗೆ ಯಾರೂ ಯಾವತ್ತೂ ನಕ್ಕಿರಲಿಲ್ಲ.

ಇಳಿದು ಬರುವಾಗ ಒಬ್ಬ ವಿದ್ಯಾರ್ಥಿ ಹಿಂದಿನಿಂದ ಓಡಿ ಬಂದ. ನನ್ನಷ್ಟೇ ದಪ್ಪ ಕನ್ನಡಕ.

“ಅಣ್ಣಾ, ಸೂಪರ್! ಅಲ್ಲ, ಆ ಕ್ಲಿನಿಕ್ ಎಲ್ಲಿ ಬರುವುದು? ಆಫರ್ ಇನ್ನೂ ಉಂಟಾ?”

ಕೇಳುತ್ತಾ ಕೇಳುತ್ತಾ ಕನ್ನಡಕ ಹಣೆಗೇರಿಸಿ, ಮುಷ್ಟಿಯಿಂದ ಕಣ್ಣು ಉಜ್ಜಿಕೊಂಡ.

“ಕೈ ತೆಗಿ!” ಎಂದು ಕಿರುಚಿ ಅವನ ಮಣಿಕಟ್ಟು ಹಿಡಿದು ಕೆಳಗೆಳೆದೆ. ಅವನು ಒಂದು ಕ್ಷಣ ಬೆಚ್ಚಿದ. ಆಮೇಲೆ ಹೊಟ್ಟೆ ಹಿಡಿದು ನಕ್ಕು ಗೆಳೆಯರನ್ನು ಕರೆದ.

“ಬನ್ನಿ ಮಾರಾಯ್ರೇ, ಬೇಗ! ಇಲ್ಲಿ ಇನ್ನೊಂದು ಐಟಂ ಮಾಡ್ತಿದ್ದಾರೆ!”